ಬೆಕ್ಕು ಕೊಟ್ಟ ಹೊದಿಕೆ

ಅಕ್ಕಿ ಗೋದಾಮಿನ ಬಿಲದಲ್ಲಿ ಚಿನಕಿ ಎಂಬ ಇಲಿ ಮೂರು ಮರಿ ಹಾಕಿತ್ತು. ಅತ್ತೆ ಇಲಿ ವಾಡಿಕೆಯಂತೆ ಗೋಣಿನಾರನ್ನು ಕಚ್ಚಿ ಕಚ್ಚಿ ಮೆದುಮಾಡಿ ಅವಕ್ಕೆ ಹೊದಿಸಿತು. ಆದರೂ ನಾರು ಎಳೆಮೈಗೆ ಚುಚ್ಚಿ ಮರಿಗಳು ಅಳುತ್ತಿದ್ದವು.

ಮೆತ್ತನೆಯದೇನಾದರೂ ಸಿಕ್ಕೀತೇ ಎಂದು ಚಿನಕಿ ಹೊರಗೆ ಬಂದರೆ, ಮೂಟೆಯ ಮೇಲೆ ಬೆಕ್ಕು ಬಿಸಿಲು ಕಾಯುತ್ತ ಮಲಗಿತ್ತು. ಚಿನಕಿ ಸರ್ರನೆ ಸಂದಿ ಸೇರಿತು.

“ಹೆದರಬೇಡ ತಾಯಿ, ನನ್ನ ಹೊಟ್ಟೆ ತುಂಬಿದೆ,” ಎಂದಿತು ಬೆಕ್ಕು, ಕಣ್ಣನ್ನೂ ತೆರೆಯದೆ. “ನೀನು ಬಾಣಂತಿಯಲ್ಲವೆ? ಉದುರಿದ ಕೂದಲು ಇಲ್ಲೇ ಬಿದ್ದಿದೆ. ಬೇಕಾದಷ್ಟು ತೆಗೆದುಕೊಂಡು ಹೋಗು.”

ಬೆಕ್ಕು ಎದ್ದುಹೋದ ಮೇಲೆ ಚಿನಕಿ ಬಾಯಿತುಂಬ ಕೂದಲು ತಂದಿತು. ಬಿಲಕ್ಕೆ ಏನು ಬಂದರೂ ಮೊದಲು ಮೂಸಿ ನೋಡುವುದು ಅತ್ತೆಯ ಕೆಲಸ. ಮೂಸಿದ್ದೇ ಅದು ಹಿಂದೆ ಸರಿಯಿತು.

“ಇದನ್ನು ಹೊರಗೆ ಹಾಕಮ್ಮ. ವಾಸನೆ ಒಳ್ಳೆಯದಲ್ಲ.”

“ಎಷ್ಟು ಮೆತ್ತಗಿದೆ ನೋಡಿ ಅತ್ತೆ. ವಾಸನೆ ಕಚ್ಚುತ್ತದೆಯೆ?”

ಅಂದಿನಿಂದ ಮರಿಗಳು ಅಳಲಿಲ್ಲ. ಆ ಕೂದಲಲ್ಲೇ ಮುಖ ಹುದುಗಿಸಿ ಮಲಗಿದವು, ಅದರಲ್ಲೇ ಕಣ್ಣುಬಿಟ್ಟವು. ಚಿನಕಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಬೆಕ್ಕೇ ಪಕ್ಕದಲ್ಲಿ ಮಲಗಿದಂತಾಗಿ ಎದ್ದು ಕೂರುತ್ತಿತ್ತು.

ಒಂದು ಸಂಜೆ ಬಿಲದ ಬಾಯಿ ಕತ್ತಲಾಯಿತು. ಅದೇ ವಾಸನೆ ಒಳಗೆ ನುಗ್ಗಿತು.

“ಹಿಂದಕ್ಕೆ ಓಡಿ ಮಕ್ಕಳೇ,” ಎಂದು ಚಿನಕಿ ಚೀರಿತು. ಅತ್ತೆ ಆಗಲೇ ಮೂಲೆ ಸೇರಿತ್ತು.

ಮರಿಗಳು ಮೂಗೆತ್ತಿ ಮೂಸಿದವು. ಅವುಗಳ ಮುಖ ಅರಳಿತು.

“ಅಮ್ಮ, ನಮ್ಮ ಹೊದಿಕೆ ಬಂತು,” ಎನ್ನುತ್ತ ಮೂರೂ ಬಿಲದ ಬಾಯಿಯ ಕಡೆಗೆ ಓಡಿದವು.