ಲಿವರ್ ಮುಟ್ಟದೆ ಕೂತ ಟೈರು

“ಟ್ಯೂಬ್‌ಲೆಸ್ ಟೈರು, ಬಹಳ ಬಿಗಿ. ಹಾಕುವಾಗ ರಿಮ್ಮಿಗೆ ಒಂದು ಗೀರು ಬಿದ್ರೂ ನಿನ್ನ ಅಂಗಡಿ ಎತ್ತಿಸ್ತೀನಿ!” ಮೌಂಟನ್ ಬೈಕಿನ ಸಾಹೇಬರು ಗುಡುಗಿದರು.

ಪಂಕ್ಚರ್ ಅಂಗಡಿಯ ಹೆಂಗಸು ಟೈರು ಮೀಟುವ ಕಬ್ಬಿಣದ ಲಿವರನ್ನು ಮುಟ್ಟಲೇ ಇಲ್ಲ. ಟೈರಿನ ಅಂಚಿಗೆ ಸೋಪುನೀರು ಸವರಿ, ಅದನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತುತ್ತಾ ಬಂದಳು. ಅಷ್ಟು ಸಡಿಲ ಸಿಕ್ಕಿದ್ದೇ ತಡ, ಎರಡು ಹೆಬ್ಬೆರಳಲ್ಲೇ ಟೈರನ್ನು ಏರಿಸಿಬಿಟ್ಟಳು. ಆಮೇಲೆ ಕಂಪ್ರೆಸರಿನಿಂದ ಒಮ್ಮೆಲೇ ಗಾಳಿ ಬಿಟ್ಟಳು.

ಟಪ್! ಟಪ್!

“ಅಯ್ಯಯ್ಯೋ, ಒಡೀತು!” ಸಾಹೇಬರು ಕಿರುಚಿ ಕಂಬದ ಹಿಂದೆ ಹಾರಿದರು.

“ಒಡೆದಿಲ್ಲ ಸಾಹೇಬ್ರೇ, ಟೈರು ರಿಮ್ಮಿಗೆ ಕಚ್ಕೊಂಡಿದ್ದು.”

ಸಾಹೇಬರು ಕನ್ನಡಕ ಹಾಕಿಕೊಂಡು ಗೀರು ಹುಡುಕಿದರು. ಒಂದೂ ಸಿಗಲಿಲ್ಲ. ದನಿ ಇಳಿಯಿತು. “ಈ ಕೆಲಸ ನಿಮಗೆ ಯಾರು ತಾಯಿ ಕಲಿಸಿದ್ದು?”

“ಮೊದಲು ಇಪ್ಪತ್ತು ವರ್ಷ ಬಳೆ ಮಾರ್ತಿದ್ದೆ. ಸೋಪು ಹಚ್ಚಿ, ಅಂಗೈ ಒತ್ತಿ, ಎಷ್ಟೋ ಮದುವೆ ಹೆಣ್ಣುಗಳಿಗೆ ಬಿಗಿ ಗಾಜಿನ ಬಳೆ ತೊಡಿಸಿದ್ದೀನಿ. ಒಬ್ಬಳೂ ನಿಮ್ಮಷ್ಟು ಕಿರುಚಿಲ್ಲ!”