ಹುಲಿಯುಗುರಿನ ಜೋಡಿ

ಇದನ್ನು ನನಗೆ ಮೊದಲು ಹೇಳಿದ್ದು ತಿಪಟೂರಿನ ನಮ್ಮ ಸೋದರತ್ತೆ. ಅಲ್ಲಿನ ಗೌಡರೊಬ್ಬರ ಮನೆಯ ನಾಮಕರಣದ ಊಟಕ್ಕೆ ಅವರೂ ಕೂತಿದ್ದರಂತೆ.

ಅಡುಗೆಯ ಹೆಂಗಸು ಸಾರು ಬಡಿಸಲು ಬಗ್ಗಿದಳು. ಸೆರಗಿನ ಮರೆಯಿಂದ ಚಿನ್ನದ ಕಟ್ಟು ಹಾಕಿದ ಹಳೇ ಹುಲಿಯುಗುರು ಹೊರಗೆ ಜಾರಿತು. ಅವಳು ಮಗುವಾಗಿದ್ದಾಗ ಬೆಚ್ಚಿಬೀಳದಿರಲಿ ಎಂದು ಅವಳ ಅಪ್ಪ ಕಟ್ಟಿದ್ದು. ಅಪ್ಪನದೆಂದು ಅವಳಿಗೆ ಉಳಿದಿದ್ದು ಅದೊಂದೇ.

ಮನೆಯ ಯಜಮಾನ ಚಿಕ್ಕೇಗೌಡರು ಎದ್ದು ನಿಂತರು.

"ಕಳ್ಳೀ! ಅದು ನಮ್ಮನೇದು. ನಮ್ ತಾತ ಹೊಡೆದ ಹುಲೀದು. ಅದರ ಜೋಡಿ ಇಲ್ನೋಡ್ರಪ್ಪಾ!" ಎಂದು ಅಂಗಿಯ ಗುಂಡಿ ಬಿಚ್ಚಿ ಕೊರಳಿನದನ್ನು ಎಲ್ಲರಿಗೂ ತೋರಿಸಿದರು. "ಬಿಚ್ಚಿಕೊಡು, ಇಲ್ಲಾ ಪೊಲೀಸರನ್ನ ಕರೆಸ್ತೀನಿ."

ಪಂಕ್ತಿಗೆ ಪಂಕ್ತಿಯೇ ಬೆಪ್ಪಾಯಿತು. ನಮ್ಮತ್ತೆಯ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

ಅಡುಗೆಯವಳು ಸಾರಿನ ಬಕೆಟ್ಟು ಕೆಳಗಿಟ್ಟಳು. "ಕರೆಸಿ ಗೌಡ್ರೇ. ಅರಣ್ಯ ಇಲಾಖೆಯವರನ್ನೂ ಕರೆಸಿ, ಎರಡನ್ನೂ ಪರೀಕ್ಷೆ ಮಾಡ್ಲಿ. ನಂದು ನಮ್ಮಪ್ಪ ಎಮ್ಮೆ ಕೊಂಬಲ್ಲಿ ಕೆತ್ತಿದ್ದು. ನಿಮ್ದು ನಿಜವಾದ ಹುಲೀದಾದ್ರೆ ಜೋಡಿ ಹೇಗಾಯ್ತು? ಮೇಲಾಗಿ, ಅದನ್ನ ಹಾಕ್ಕೊಂಡೋರಿಗೆ ಜೈಲಂತೆ."

ಗೌಡರ ಮುಖ ಸುಣ್ಣವಾಯಿತು. ಗಡಿಬಿಡಿಯಲ್ಲಿ ಅಂಗಿಯ ಗುಂಡಿ ಹಾಕಿಕೊಂಡರು.

"ಅಯ್ಯಯ್ಯೋ, ನಮ್ ತಾತ ಹೊಡೆದಿದ್ದೂ ಎಮ್ಮೇನೇ ಕಣಮ್ಮಾ!"

ನೀವೂ ನಾಲ್ಕು ಜನಕ್ಕೆ ಹೇಳಿ. ಹೇಳುವಾಗ ಎಮ್ಮೆಯನ್ನು ಮಾತ್ರ ಮತ್ತೆ ಹುಲಿ ಮಾಡಬೇಡಿ.