ಹಿಂದೆ ಬರುತ್ತಿದ್ದವಳ ಸೀರೆ

“ಬುದ್ಧಿ, ನಾವು ನೋಡಿ ಬಂದ ಪಟ್ಟಣಗಳಲ್ಲಿ ಯಾವುದು ಮೇಲು?” ಎಂದು ಶಿಷ್ಯ ಮರಿಬಸವ ಕೇಳಿದ.

ಅವನೂ ಜೊತೆಗಾರ ನಂಜಯ್ಯನೂ ಆಗಷ್ಟೇ ಯಾತ್ರೆ ಮುಗಿಸಿ ಮಠಕ್ಕೆ ಮರಳಿದ್ದರು. ನಂಜಯ್ಯ ಬಾಗಿಲ ಬಳಿಯ ಕಂಬಕ್ಕೆ ಒರಗಿ ಕೂತುಬಿಟ್ಟಿದ್ದ. ಮರಿಬಸವ ಮಾತ್ರ ಹೆಗಲ ಗಂಟನ್ನೂ ಇಳಿಸದೆ ಒಂದು ಊರಿನ ಗೋಪುರ, ಇನ್ನೊಂದು ಊರಿನ ಬೀದಿ ಎಂದು ಹೇಳುತ್ತಲೇ ಇದ್ದ.

“ಕಾಲು ತೊಳೆಯುವ ಮುಂಚೆಯೇ ತಕ್ಕಡಿ ಹಿಡಿದೆಯಲ್ಲ ಮಾರಾಯ! ಕೂತುಕೋ, ಹೇಳುತ್ತೇನೆ,” ಎಂದರು ಗುರುಗಳು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಹೆಂಡತಿಯನ್ನು ಕರೆದುಕೊಂಡು ಯಾತ್ರೆ ಹೊರಟ. ಅವನು ಮುಂದೆ, ಅವಳು ಹಿಂದೆ. ಮೊದಲ ಪಟ್ಟಣದಲ್ಲಿ ಬೀದಿ ಅಗಲ, ಮನೆಗಳೆಲ್ಲ ಉಪ್ಪರಿಗೆಯವು, ಬಾಗಿಲಿಗೆಲ್ಲ ಕೆತ್ತನೆ. ‘ಚೆಂದ, ಆದರೆ ಬೀದಿಯಲ್ಲಿ ಒಂದು ನಗು ಕೇಳಿಸುವುದಿಲ್ಲ’ ಎಂದ. ಎರಡನೆಯದರಲ್ಲಿ ಬೀದಿ ತುಂಬ ಹೂವಿನವರು, ಗದ್ದಲ, ನಗು. ‘ಗಮ್ಮತ್ತಾಗಿದೆ, ಆದರೆ ಬಾಗಿಲಿಗೆ ಕೆತ್ತನೆಯೇ ಇಲ್ಲ’ ಎಂದ. ಪುಣ್ಯಾತ್ಮ, ಎರಡನೆಯ ಊರಲ್ಲಿ ನಿಂತು ಮೊದಲನೆಯದನ್ನು ನೋಡುತ್ತಿದ್ದ! ಹೆಂಡತಿ ಹೂಂಗುಟ್ಟುತ್ತಿದ್ದಳು.

ಮೂರನೆಯದು ಗಲ್ಲಿಗಳ ಊರು. ಮನೆಗೆ ಮನೆ ಅಂಟಿಕೊಂಡಿತ್ತು. ಎಲ್ಲ ಮನೆಗೂ ಜಗಲಿ, ಜಗಲಿಯ ಮೇಲೆ ಜನ. ವ್ಯಾಪಾರಿ ಕತ್ತೆತ್ತಿ ಸೂರು ನೋಡುತ್ತ, ಹಿಂದಿನ ಊರುಗಳನ್ನು ಇದರ ಪಕ್ಕಕ್ಕಿಟ್ಟು ಮಾತಾಡುತ್ತ ನಡೆದ. ‘ನೀನೇನಂತೀಯೆ?’ ಎಂದು ತಿರುಗಿದರೆ ಹೆಂಡತಿಯೇ ಇಲ್ಲ.

ಹಿಂದಕ್ಕೆ ಓಡಿದ. ಎಲ್ಲ ಗಲ್ಲಿಯೂ ಒಂದೇ ಥರ ಕಂಡಿತು. ‘ನನ್ನ ಹೆಂಡತಿಯನ್ನು ನೋಡಿದಿರಾ?’ ಎಂದು ಕಂಡಕಂಡವರನ್ನು ಕೇಳಿದ. ಜಗಲಿಯ ಮೇಲಿದ್ದ ಒಬ್ಬ ಮುದುಕಿ, ‘ಯಾವ ಬಣ್ಣದ ಸೀರೆ ಉಟ್ಟಿದ್ದಾಳಪ್ಪ?’ ಎಂದಳು.

ಸೀರೆ ಮಾರಿಯೇ ಮನೆ ಕಟ್ಟಿದವನು! ಅವನಿಗೆ ಹೇಳಲಾಗಲಿಲ್ಲ. ಮೊದಲ ಊರಿನ ಬಾಗಿಲುಗಳ ಬಗ್ಗೆ ಕೇಳಿದ್ದರೆ ಒಂದೊಂದಾಗಿ ಹೇಳುತ್ತಿದ್ದ. ನಡುಬೀದಿಯಲ್ಲಿ ನಿಂತು ಗಳಗಳನೆ ಅತ್ತುಬಿಟ್ಟ.

ಮುದುಕಿ ಎದುರು ಜಗಲಿಯವರನ್ನು ಕೂಗಿದಳು. ಅವರು ಆಚೆಯವರನ್ನು ಕೂಗಿದರು. ಕೂಗು ಜಗಲಿಯಿಂದ ಜಗಲಿಗೆ ಹೋಯಿತು, ಉತ್ತರವೂ ಹಾಗೆಯೇ ಬಂತು. ಕಾಲಿಗೆ ಮುಳ್ಳು ಚುಚ್ಚಿಕೊಂಡ ಪರವೂರಿನ ಹೆಂಗಸೊಬ್ಬಳು ತಿರುವಿನ ಮನೆಯಲ್ಲಿದ್ದಾಳಂತೆ. ಬಿದ್ದೆನೋ ಎದ್ದೆನೋ ಎಂದು ಓಡಿದ. ಅವಳು ಜಗಲಿಯ ಮೇಲೆ ಕೂತಿದ್ದಳು. ಆ ಮನೆಯಾಕೆ ಅವಳ ಹಿಮ್ಮಡಿಗೆ ಅರಿಶಿನ ಹಚ್ಚುತ್ತಿದ್ದಳು.

‘ಎಷ್ಟು ಕೂಗಿದೆನ್ರೀ! ನೀವು ಸೂರು ನೋಡ್ತಿದ್ರಿ,’ ಎಂದಳು.

ಅವನಿಗೆ ಹೋದ ಜೀವ ಬಂದಂತಾಯಿತು. ಅವಳ ಕಾಲ ಬಳಿಯೇ ಕುಸಿದು ಕೂತು, ಅಳುತ್ತಲೇ ನಗತೊಡಗಿದ. ಆಮೇಲೆ ಗಲ್ಲಿಯ ಆ ತುದಿಗೆ ಕೇಳುವಂತೆ ಕೂಗಿದ: ‘ಹಸಿರು ಸೀರೆ, ಅಜ್ಜೀ! ಹಸಿರು!’

ಗುರುಗಳು ಕತೆ ನಿಲ್ಲಿಸಿದರು. ಮರಿಬಸವ ಉಸಿರುಬಿಟ್ಟ.

“ಸದ್ಯ, ಸಿಕ್ಕಳಲ್ಲ! ಹಾಗಾದರೆ ಮೂರನೆಯ ಊರೇ ಮೇಲು ಅಲ್ಲವೇ, ಬುದ್ಧಿ?”

“ಅದಿರಲಿ. ನಂಜಯ್ಯ ಕುಂಟುತ್ತ ಬಂದನಲ್ಲ, ಯಾವ ಕಾಲು?”

ಮರಿಬಸವ ನಂಜಯ್ಯನ ಕಾಲುಗಳತ್ತ ತಿರುಗಿ ನೋಡಿ, ಎದ್ದು ಬಿಸಿನೀರು ತರಲು ಹೋದ.